ಹೆದ್ದಾರಿಗೆ ಮುಖ ಮಾಡಿದ ಕಟ್ಟಡಗಳು

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಹೊರಡುವ ಹತ್ತನೇ ನಂಬರಿನ ಹೆದ್ದಾರಿ ಎರಡು ಎತ್ತರದ ಪರ್ವತಗಳ ನಡುವಿನ ಕಣಿವೆಯಲ್ಲಿ ನುಸುಳಿ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಇಳಿಯುತ್ತದೆ. ಕಣಿವೆಯಲ್ಲಿರುವ ಕಬಝಾನ್ ಎಂಬ ಪುಟ್ಟ ಊರಿನ ಬಳಿ, ರಸ್ತೆಯ ಪಕ್ಕದಲ್ಲೇ 150 ಅಡಿ ಉದ್ದದ ಕಾಂಕ್ರೀಟ್ ಡೈನೋಸಾರ್ ನಿಂತಿದೆ. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಪಾಮ್ ಸ್ಪ್ರಿಂಗ್ಸ್. ಗಾಜು, ಉಕ್ಕು, ಚಪ್ಪಟೆ ಚಾವಣಿಗಳ ಆಧುನಿಕ ವಾಸ್ತುಶಿಲ್ಪಕ್ಕೆ ಹೆಸರಾದ ಊರು ಅದು. ಪ್ರವಾಸಿ ಕೈಪಿಡಿಗಳು ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಇಡುತ್ತವೆ. ಡೈನೋಸಾರ್ ಮಕ್ಕಳಿಗೆ, ಗಾಜಿನ ಮನೆಗಳು ಬಲ್ಲವರಿಗೆ ಎಂಬುದು ಅವುಗಳ ಲೆಕ್ಕ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಎರಡನ್ನೂ ಹುಟ್ಟಿಸಿದ್ದು ಒಂದೇ ರಸ್ತೆ, ಒಂದೇ ಕಾಲ, ಒಂದೇ ಅಗತ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದವರಿಗೆ ಎರಡೂ ಅರೆಬರೆ ಅರ್ಥವಾಗುತ್ತವೆ.

ಪಾಮ್ ಸ್ಪ್ರಿಂಗ್ಸ್‌ನ ಹೆಬ್ಬಾಗಿಲಿನಲ್ಲಿರುವ ಕಟ್ಟಡವನ್ನೇ ನೋಡಿ. 1965ರಲ್ಲಿ ಆಲ್ಬರ್ಟ್ ಫ್ರೇ ಮತ್ತು ರಾಬ್ಸನ್ ಚೇಂಬರ್ಸ್ ವಿನ್ಯಾಸ ಮಾಡಿದ ಈ ಕಟ್ಟಡ ಮೂಲತಃ ಒಂದು ಪೆಟ್ರೋಲ್ ಬಂಕ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫ್ರೇ, ಮುಂದೆ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆಯ ಪ್ಯಾರಿಸ್ ಕಚೇರಿಯಲ್ಲಿ ಪಳಗಿದವರು. ಬಂಕಿನ ಚಾವಣಿ ತಿರುಚಿಕೊಂಡು, ಒಂದು ತುದಿಯನ್ನು ಆಕಾಶಕ್ಕೆ ಚಾಚಿ ನಿಂತಿದೆ. ನೆರಳಿಗಷ್ಟೇ ಆಗಿದ್ದರೆ ಅದು ಅಷ್ಟು ಮೇಲೇಳಬೇಕಾಗಿರಲಿಲ್ಲ. ವೇಗವಾಗಿ ಬರುವ ಕಾರಿನ ಚಾಲಕನಿಗೆ ದೂರದಿಂದಲೇ ಕಂಡು, ಬ್ರೇಕ್ ಒತ್ತಲು ಸಮಯ ಸಿಗಲಿ ಎಂಬ ಲೆಕ್ಕಾಚಾರವೂ ಆ ಆಕಾರದಲ್ಲಿದೆ. ಅದಕ್ಕೆ ಒಂದು ವರ್ಷ ಮೊದಲು, 1964ರಲ್ಲಿ, ಕ್ಲಾಡ್ ಬೆಲ್ ಎಂಬ ಶಿಲ್ಪಿ ಕಬಝಾನ್‌ನಲ್ಲಿ ಡೈನೋಸಾರ್ ಕಟ್ಟತೊಡಗಿದ್ದರು. ತಮ್ಮ ಹೋಟೆಲಿಗೆ ಗಿರಾಕಿಗಳನ್ನು ಸೆಳೆಯುವುದು ಅವರ ಉದ್ದೇಶ. ಹೆದ್ದಾರಿ ಕಾಮಗಾರಿಯಲ್ಲಿ ಉಳಿದ ಸಾಮಗ್ರಿಯನ್ನೂ ಬಳಸಿಕೊಂಡು ಉಕ್ಕಿನ ಪಕ್ಕೆಲುಬು ನಿಲ್ಲಿಸಿ, ಅದಕ್ಕೆ ಜಾಲರಿ ಬಿಗಿದು, ಮೇಲೆ ಕಾಂಕ್ರೀಟ್ ಹೊದಿಸಿದರು. ಹೊಟ್ಟೆಯೊಳಗೆ ಅಂಗಡಿಯೊಂದು ಬಂತು. ಬಂಕು ಪೆಟ್ರೋಲ್ ಮಾರಿತು, ಡೈನೋಸಾರ್ ಊಟ ಮಾರಿತು. ಎರಡರಲ್ಲೂ ಕಟ್ಟಡವೇ ಬೋರ್ಡು.

ಇದನ್ನು ಗಂಭೀರವಾಗಿ ಚರ್ಚೆಗೆ ತಂದವರು ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಮತ್ತು ಸ್ಟೀವನ್ ಐಜೆನೂರ್. ಲಾಸ್ ವೇಗಸ್‌ನ ರಸ್ತೆಬದಿಯನ್ನು ಅಭ್ಯಾಸ ಮಾಡಿ 1972ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ, ತಾನು ಸೂಚಿಸುವ ವಸ್ತುವಿನ ರೂಪವನ್ನೇ ತಾಳಿದ ಕಟ್ಟಡಕ್ಕೆ ‘ಬಾತುಕೋಳಿ’ ಎಂದು ಹೆಸರಿಟ್ಟರು. ಆಧುನಿಕರು ಅಲಂಕಾರವನ್ನು ಬಿಟ್ಟೆವೆನ್ನುತ್ತಲೇ ಇಡೀ ಕಟ್ಟಡವನ್ನು ಒಂದು ಅಲಂಕಾರವಾಗಿಸಿದರು ಎಂಬುದು ಅವರ ಆಕ್ಷೇಪ. ಫ್ರೇಯ ಚಾವಣಿಯ ಎದುರು ನಿಂತಾಗ ಆ ಮಾತು ಆಕ್ಷೇಪಕ್ಕಿಂತ ಹೆಚ್ಚಾಗಿ ಸರಿಯಾದ ವರ್ಣನೆ ಎನಿಸುತ್ತದೆ.

ವಾಸ್ತುಶಿಲ್ಪದ ಅಭಿಮಾನಿಗಳು ಇಲ್ಲಿ ತಡೆಯುತ್ತಾರೆ. ಬಿಸಿಲು, ಗಾಳಿ, ಬಂಡೆಗಳಿಗೆ ಹೊಂದಿಕೊಂಡು ಮನೆ ಕಟ್ಟುವುದೆಲ್ಲಿ, ಪ್ರಾಣಿಯ ಬೊಂಬೆ ಮಾಡುವುದೆಲ್ಲಿ ಎನ್ನುತ್ತಾರೆ. ಈ ಆಕ್ಷೇಪದಲ್ಲಿ ತೂಕವಿದೆ. ಫ್ರೇ 1964ರಲ್ಲಿ ಬೆಟ್ಟದ ಇಳಿಜಾರಿನಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯೊಳಗೆ ದೊಡ್ಡ ಬಂಡೆಯೊಂದು ಗಾಜಿನ ಗೋಡೆಯನ್ನು ಹಾಯ್ದು ಬಂದಿದೆ. ಬಂಡೆಯನ್ನು ಒಡೆಯಲಿಲ್ಲ, ಅದರ ಏರುತಗ್ಗಿಗೆ ಸರಿಯಾಗಿ ಗಾಜನ್ನೇ ಕತ್ತರಿಸಿ ಕೂರಿಸಿದರು. ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ಆ ಬಂಡೆಯೇ ಅಡ್ಡ. ಇಷ್ಟು ನಯವನ್ನು ಬೆಲ್ ಅವರ ಕೆಲಸದಲ್ಲಿ ಹುಡುಕಬಾರದು. ಆದರೆ ಮರುಭೂಮಿಗೆ ಹೊಂದಿಕೊಂಡ ಶೈಲಿ ಎಂಬ ಹೊಗಳಿಕೆಯನ್ನು ಊರಿಗೆಲ್ಲ ಹಂಚುವಂತಿಲ್ಲ. ರಿಚರ್ಡ್ ನ್ಯೂಟ್ರಾ 1946ರಲ್ಲಿ ಕಟ್ಟಿದ ಪ್ರಸಿದ್ಧ ಕೌಫ್‌ಮನ್ ಮನೆ ಚಳಿಗಾಲದ ಬಿಡಾರವಾಗಿತ್ತು. ವರ್ಷವಿಡೀ ವಾಸಿಸುವವರಿಗೆ ಗಾಜಿನ ಗೋಡೆಯ ಮನೆ ಸಹ್ಯವಾದದ್ದು ಹವಾನಿಯಂತ್ರಣದ ಬಲದಿಂದ. ನಯದಲ್ಲಿ ಅಂತರವಿದೆ, ಜಾತಿಯಲ್ಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣ. ಈ ಸೊಗಸು ಯಾರ ನೆಲದ ಮೇಲೆ ಎದ್ದಿತು? ಊರಿನ ನಡುಮಧ್ಯದಲ್ಲಿ ಸೆಕ್ಷನ್ 14 ಎಂಬ ಒಂದು ಚದರ ಮೈಲಿ ಜಾಗವಿದೆ. ಅದು ಅಗ್ವಾ ಕಾಲಿಯೆಂಟೆ ಕವೀಯ ಮೂಲನಿವಾಸಿಗಳದು. ಅಲ್ಲಿ ಬಾಡಿಗೆಗಿದ್ದವರಲ್ಲಿ ಬಹುಪಾಲು ಕಪ್ಪು ಜನ ಮತ್ತು ಮೆಕ್ಸಿಕೊ ಮೂಲದ ದುಡಿಯುವ ಕುಟುಂಬಗಳು. 1950 ಮತ್ತು 60ರ ದಶಕಗಳಲ್ಲಿ, ಅಂದರೆ ಗಾಜಿನ ಮನೆಗಳು ಏಳುತ್ತಿದ್ದ ಕಾಲದಲ್ಲೇ, ಅವರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ಕೆಡವಿ ಸುಡಲಾಯಿತು. ನಗರಾಡಳಿತ ಕ್ಷಮೆ ಕೇಳಿದ್ದು 2021ರಲ್ಲಿ. ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ. ಈ ಚರಿತ್ರೆಯನ್ನು ಮರೆಮಾಚುವ ಯಾವ ವಾಸ್ತುಪ್ರವಾಸವೂ ಪ್ರಾಮಾಣಿಕವಲ್ಲ. ಹಾಗೆಂದು ಕಟ್ಟಡಗಳತ್ತ ಬೆನ್ನು ತಿರುಗಿಸಿದರೆ ಲಾಭವಿಲ್ಲ; ಅವನ್ನು ನೋಡಲು ಬಂದವರಿಗೆ ಸೆಕ್ಷನ್ 14ರ ಕಥೆಯನ್ನೂ ಅಲ್ಲೇ ಹೇಳಬೇಕು. ಉನ್ನತ ಅಭಿರುಚಿ ಎಂಬುದು ತಾನಾಗಿ ನಿಷ್ಕಳಂಕವಲ್ಲ ಎಂದು ಒಪ್ಪಿದ ಮೇಲೆ, ರಸ್ತೆಬದಿಯ ವಿಚಿತ್ರಗಳನ್ನು ಕೀಳೆಂದು ಕರೆಯುವ ಧೈರ್ಯವೂ ಕಡಿಮೆಯಾಗುತ್ತದೆ.

ನನ್ನ ವಾದಕ್ಕೆ ಸುಲಭವಾಗಿ ಒಗ್ಗದ ಒಂದು ಜಾಗವೂ ಈ ದಾರಿಯಲ್ಲಿದೆ. ದಕ್ಷಿಣಕ್ಕೆ, ಸಾಲ್ಟನ್ ಸರೋವರದ ಆಚೆ, ನೈಲ್ಯಾಂಡ್ ಬಳಿಯ ಸಾಲ್ವೇಶನ್ ಮೌಂಟನ್ ಏನನ್ನೂ ಮಾರುವುದಿಲ್ಲ. ಲೆನರ್ಡ್ ನೈಟ್ ಎಂಬುವರು 1980ರ ದಶಕದಲ್ಲಿ ಆರಂಭಿಸಿದ ಮೊದಲ ದಿಬ್ಬ ಕುಸಿಯಿತು. ಜೇಡಿಮಣ್ಣು, ಒಣಹುಲ್ಲು ಬಳಸಿ ಮತ್ತೆ ಕಟ್ಟಿ, ದೇವರೆಂದರೆ ಪ್ರೀತಿ ಎಂಬ ಸಾರವನ್ನು ದೂರದಿಂದ ಓದಲಾಗುವಷ್ಟು ದೊಡ್ಡ ಅಕ್ಷರಗಳಲ್ಲಿ ಬಣ್ಣದಿಂದ ಬರೆದರು. ವ್ಯಾಪಾರವಿಲ್ಲದಿದ್ದರೂ ದಾರಿಹೋಕರನ್ನು ಕರೆಯುವ ಆಸೆ ಅಲ್ಲೂ ಇದೆ. ವ್ಯತ್ಯಾಸವಿರುವುದು ಆಸರೆಯಲ್ಲಿ. ಒಮ್ಮೆ ನೆಲಸಮವಾಗುವ ಅಂಚಿಗೆ ಬಂದಿದ್ದ ಫ್ರೇಯ ಬಂಕು ಇಂದು ನಗರದ ಪ್ರವಾಸಿ ಮಾಹಿತಿ ಕೇಂದ್ರ. ನೈಟ್ 2014ರಲ್ಲಿ ತೀರಿಕೊಂಡರು; ಬಿಸಿಲಿಗೆ ಬಿರಿಯುವ ಅವರ ಮಣ್ಣಿನ ದಿಬ್ಬ ನಿಂತಿರುವುದು ಸ್ವಯಂಸೇವಕರ ದುಡಿಮೆ ಮತ್ತು ಜನ ತಂದುಕೊಡುವ ಬಣ್ಣದ ಡಬ್ಬಿಗಳ ಮೇಲೆ.