ತಾಯಿ ಒಬ್ಬಳೇ, ಉತ್ತರ ತಡವಾಯಿತು

1908ರ ಮೇ 6. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸುಮಾರು 500 ಜನರೆದುರು ಮಾರ್ಗರೆಟ್ ಮರ್ರೆ ಎಂಬ ವಿದುಷಿ ಈಜಿಪ್ಟಿನ ಮಮ್ಮಿಯೊಂದರ ಬಟ್ಟೆಯ ಸುತ್ತುಗಳನ್ನು ಬಿಚ್ಚತೊಡಗಿದರು.

ಈಕೆ ಹುಟ್ಟಿದ್ದು 1863ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿತವರು. ಈಜಿಪ್ಟಿನ ಚಿತ್ರಲಿಪಿ ಕಲಿಯಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿದ್ದು ಮೂವತ್ತರ ವಯಸ್ಸಿನಲ್ಲಿ. ಮುಂದೆ ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯದ ಈಜಿಪ್ಟ್ ವಸ್ತುಗಳ ಪಟ್ಟಿ ಮಾಡುವ ಹೊಣೆ ಹೊತ್ತರು.

ಅಲ್ಲಿದ್ದವು ಒಂದೇ ಗೋರಿಯ ಎರಡು ಮಮ್ಮಿಗಳು: ಖ್ನುಮ್-ನಖ್ತ್ ಮತ್ತು ನಖ್ತ್-ಅಂಖ್. ಸುಮಾರು 3,800 ವರ್ಷ ಹಳೆಯವು. ಶವಪೆಟ್ಟಿಗೆಗಳ ಬರಹದಂತೆ ಇಬ್ಬರ ತಾಯಿಯೂ ಖ್ನುಮ್-ಆ. ಆದರೆ ಎಲುಬುಗಳನ್ನು ಪರೀಕ್ಷಿಸಿದ ವೈದ್ಯರು, ಇವರು ಒಡಹುಟ್ಟಿದವರೆಂದು ನಂಬುವುದೇ ಕಷ್ಟವೆಂದರು. ಬರಹ ನಿಜವೋ, ಎಲುಬು ನಿಜವೋ?

ಮರ್ರೆ ಕಂಡದ್ದನ್ನೆಲ್ಲ ದಾಖಲಿಸಿ 1910ರಲ್ಲಿ ಪುಸ್ತಕ ತಂದರು. 1963ರಲ್ಲಿ, ನೂರು ತುಂಬಿದ ನಾಲ್ಕು ತಿಂಗಳಿಗೆ ತೀರಿಕೊಂಡರು. ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ಪ್ರಕಟವಾದದ್ದು 2018ರಲ್ಲಿ. ವಿಜ್ಞಾನಿಗಳು ಇಬ್ಬರ ಹಲ್ಲುಗಳಿಂದಲೂ ಡಿಎನ್ಎ ತೆಗೆದರು. ತಾಯಿಯಿಂದಷ್ಟೇ ಬರುವ ಮೈಟೋಕಾಂಡ್ರಿಯದ ಡಿಎನ್ಎ ಹೊಂದಿಕೆಯಾಯಿತು. ತಂದೆಯಿಂದ ಬರುವ ವೈ ವರ್ಣತಂತು ಹೊಂದಲಿಲ್ಲ. ಅಂದರೆ ತಾಯಿ ಒಬ್ಬಳೇ, ತಂದೆಯರು ಬೇರೆ. ಬರಹ ಸುಳ್ಳಾಡಿರಲಿಲ್ಲ.

ಎಲುಬು, ಹಲ್ಲುಗಳನ್ನು ಸಂಗ್ರಹಾಲಯ ಜೋಪಾನ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. ಪ್ರಯೋಗಶಾಲೆಯಲ್ಲಿ ನನ್ನ ಮಕ್ಕಳಿಗೆ ನಾನು ಹೇಳುವುದೂ ಇಷ್ಟೇ: ಉತ್ತರ ಸಿಗದಿದ್ದರೂ ಕಂಡದ್ದನ್ನು ಬರೆದಿಡಿ.