ದೀವದ ಹಕ್ಕಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯು ಬಂಡೆಬೆಟ್ಟಗಳಿಂದಲೂ ಕುರುಚಲು ಪೊದೆಗಳಿಂದಲೂ ಮಳೆಯನ್ನೇ ನಂಬಿದ ಕೆರೆಗಳಿಂದಲೂ ಕೂಡಿದುದು. ಪೊದೆಗಳಲ್ಲಿ ಗೌಜಲಹಕ್ಕಿ, ಲಾವುಗೆ, ನವಿಲು ಮೊದಲಾದ ಕೋಳಿಯ ಕುಲದವೂ, ಕೆರೆ ತುಂಬಿದ ವರ್ಷ ಬಾತುಗಳೂ ಇಲ್ಲಿ ಕಾಣುವುವು. ಹಕ್ಕಿಯಿದ್ದೆಡೆಯಲ್ಲಿ ಬೇಟೆಯೂ ಇದ್ದಿತೆಂದು ಬೇರೆ ಹೇಳಬೇಕಾಗಿಲ್ಲ.

ಕೋವಿಯಿಲ್ಲದ ಬೇಟೆಗಾರನಿಗೆ ದೀವದ ಹಕ್ಕಿಯೇ ಆಯುಧ. ಸಾಕಿದ ಗೌಜಲಹಕ್ಕಿಯೊಂದನ್ನು ಪಂಜರದಲ್ಲಿಟ್ಟು, ನಸುಕಿನಲ್ಲಿ ಪೊದೆಯ ಅಂಚಿಗೆ ಒಯ್ದು, ಸುತ್ತಲೂ ಉರುಲುಗಳನ್ನು ಹೂಡಿ, ಆತನು ಮರೆಯಾಗಿ ಕುಳಿತುಕೊಳ್ಳುವನು. ಪಂಜರದ ಹಕ್ಕಿ ಕೂಗಿದೊಡನೆ ಆ ಜಾಗದ ಒಡೆಯನಾದ ಕಾಡುಹಕ್ಕಿಯು, ತನ್ನ ಎಲ್ಲೆಯೊಳಗೆ ಪರಕೀಯನು ನುಗ್ಗಿದನೆಂದು ಕೆರಳಿ ಕಾದಲು ಬಂದು ಕೊರಳು ಸಿಕ್ಕಿಸಿಕೊಳ್ಳುವುದು. ಶತ್ರುವೆಂದು ಬಗೆದದ್ದು ತನ್ನಂತೆಯೇ ಸೆರೆಯಾಳು! ತಂದೆಯಿಂದ ಮಗನಿಗೆ ಬಂದ ಈ ಕುಶಲತೆಯನ್ನು ಮೆಚ್ಚಬಹುದು; ಅದರ ಫಲವನ್ನು ಮೆಚ್ಚುವುದು ಕಷ್ಟ.

ನಮ್ಮ ಪೂರ್ವಿಕರೂ ಈ ವಿಷಯದಲ್ಲಿ ಏಕಮತದವರಾಗಿರಲಿಲ್ಲ. ಮನುವು ಮೃಗಯೆಯನ್ನು ಕಾಮಜ ವ್ಯಸನಗಳಲ್ಲಿ ಎಣಿಸಿದನು. ಕೌಟಿಲ್ಯನಾದರೋ, ಅದೂ ವ್ಯಸನವೇ ಆದರೂ ಜೂಜಿಗಿಂತ ಮೇಲು, ವ್ಯಾಯಾಮದಿಂದ ಮೇದಸ್ಸು ಕರಗುವುದೆಂದು ವಾದಿಸಿದನು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಿಡುಗದಿಂದ ಹಕ್ಕಿ ಹಿಡಿಸುವ ಶ್ಯೇನವಿನೋದವೂ ವರ್ಣಿತವಾಗಿರುವುದು.

ಅಮೆರಿಕೆಯಲ್ಲಿ ಇದೇ ವಿನೋದವು ಒಕ್ಕಲುತನವಾಗಿದೆ. 1880ರ ದಶಕದಲ್ಲಿ ಚೀನದಿಂದ ಆರೆಗಾನ್ ಪ್ರಾಂತಕ್ಕೆ ತಂದು ಬಿಟ್ಟ ಫೆಸೆಂಟ್ ಎಂಬ ಕೋಳಿಯು ಅಲ್ಲಿ ಬೇರೂರಿತು. ಈಗ ಎಷ್ಟೋ ಸಂಸಾರಗಳು ತಮ್ಮ ಹೊಲಗಳಲ್ಲಿ ಅದನ್ನು ಸಾಕಿ ಬಿಟ್ಟು, ಹಣ ತೆತ್ತ ಅತಿಥಿಗಳನ್ನು ನಾಯಿಗಳೊಡನೆ ಬೇಟೆಗೆ ಕರೆದೊಯ್ಯುತ್ತವೆ. ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಬೇಕು: 1934ರಿಂದ ಅಲ್ಲಿಯ ಬಾತುಬೇಟೆಗಾರನು ವರ್ಷವರ್ಷವೂ ಸರ್ಕಾರದ ಮುದ್ರಾಚೀಟಿಯೊಂದನ್ನು ಕೊಳ್ಳಬೇಕು, ಆ ಹಣದಿಂದ ಜೌಗುಭೂಮಿಗಳು ರಕ್ಷಿತವಾಗುತ್ತವೆ.

ನಮ್ಮಲ್ಲಿಯೂ ಹಾಗೇಕೆ ಮಾಡಬಾರದೆಂದು ಕೆಲವು ತರುಣರು ಕೇಳುವುದುಂಟು. ಅಲ್ಲಿಯದು ಸಾಕಿ ಬಿಟ್ಟ ಕೋಳಿ. ಇಲ್ಲಿಯದು ತಾನೇ ಹುಟ್ಟಿ ಬೆಳೆದ ಕಾಡುಹಕ್ಕಿ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಂದ ತಿದ್ದುಪಡಿಯಿಂದ ವಿನೋದಬೇಟೆಯ ಪರವಾನಗಿಗಳೇ ರದ್ದಾದುವು. ಉರುಲಿಟ್ಟು ಗೌಜಲಹಕ್ಕಿಯನ್ನು ಹಿಡಿಯುವುದೂ ಅಪರಾಧವೇ. ಹಿತ್ತಲ ಬಾಗಿಲಿಗೆ ಬುಟ್ಟಿಯಲ್ಲಿ ಹಕ್ಕಿಗಳನ್ನು ತಂದು ಅಗ್ಗದ ಬೆಲೆ ಹೇಳುವವನಿಂದ ಗೃಹಸ್ಥರು ಏನನ್ನೂ ಕೊಳ್ಳದಿರುವುದು ಲೇಸು. ಕೊಳ್ಳುವವರಿಲ್ಲದಿದ್ದರೆ ಉರುಲು ಹೂಡುವವನಿಗೆ ಲಾಭವೆಲ್ಲಿಯದು?

ಆದರೆ ಬೇಟೆಗಾರನ ಕಣ್ಣೂ ಕಿವಿಯೂ ವ್ಯರ್ಥವಾಗಬೇಕಾಗಿಲ್ಲ. ಬಾತು ಗಾಳಿಗೆ ಎದುರಾಗಿ ಏಳುವುದನ್ನೂ ಗೌಜಲಹಕ್ಕಿಯ ಕೂಗು ಯಾವ ಪೊದೆಯಿಂದ ಬಂದಿತೆಂಬುದನ್ನೂ ಅರಿತವನು, ದುರ್ಬೀನು ಹಿಡಿದು ಬರುವ ಅತಿಥಿಗೆ ಉತ್ತಮ ಮಾರ್ಗದರ್ಶಿಯಾಗಬಲ್ಲನು. ಅಂಥವನ ಮನೆಯ ರಾಗಿಮುದ್ದೆಯನ್ನು ಉಂಡು ಬರುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಾಗದು. ನೋಡತಕ್ಕ ಸ್ಥಳಗಳಿಗೂ ಕೊರತೆಯಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಹುಲ್ಲಿನ ಹಕ್ಕಿಗಳಿಗೂ ಅದೇ ಆಶ್ರಯ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳೂ ನಾರಾಯಣಪಕ್ಷಿಗಳೂ ಊರ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹುಣಿಸೆಯು ಹಣ್ಣಾಗುವ ಕಾಲವೂ ಅವು ಬರುವ ಕಾಲವೂ ಹೆಚ್ಚುಕಡಮೆ ಒಂದೇ. ಕೊಂಬೆಯನ್ನು ಬಡಿದರೆ ಹಣ್ಣಿನೊಡನೆ ಗೂಡೂ ಕೆಳಕ್ಕೆ ಬೀಳುವುದು. ಊರವರು ಆ ಹಕ್ಕಿಗಳನ್ನು ಮನೆಯವರಂತೆ ಕಾಯುತ್ತಿರುವರು.