ಪದಕದ ಎರಡು ಮುಖಗಳು

ನಾಣ್ಯಕ್ಕೂ ಸ್ಮಾರಕ ಪದಕಕ್ಕೂ ಮುಖ್ಯವಾದ ಅಂತರವೊಂದುಂಟು. ನಾಣ್ಯವು ಕೈಯಿಂದ ಕೈಗೆ ಸಾಗಿ ಸವೆಯುತ್ತದೆ. ಪದಕವಾದರೋ ಜೋಪಾನವಾಗಿ ಕಾಪಾಡುವುದಕ್ಕೆಂದೇ ಹುಟ್ಟಿದುದು. ಅದನ್ನು ಕೊಟ್ಟು ಸಂತೆಯಲ್ಲಿ ಒಂದು ಸೇರು ರಾಗಿಯನ್ನೂ ಕೊಳ್ಳಲಾಗದು. ಆದರೆ ಅದರ ಮೇಲೆ ಮೂಡಿದ ಮುಖವು ಶತಮಾನಗಳನ್ನು ದಾಟಿ ಉಳಿಯಬಲ್ಲುದು. ೧೪೩೮ರಲ್ಲಿ ಇಟಲಿಯ ಫೆರಾರಾ ನಗರಕ್ಕೆ ಬಂದಿದ್ದ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನನ ಮುಖವನ್ನು ಪಿಸನೆಲ್ಲೊ ಎಂಬ ಚಿತ್ರಕಾರನು ಪದಕದಲ್ಲಿ ಎರಕ ಹೊಯ್ದನು. ಅಲ್ಲಿಂದ ಮುಂದೆ ಈ ಕಲೆ ಯೂರೋಪಿನ ಅರಮನೆಗಳಲ್ಲೆಲ್ಲ ಹಬ್ಬಿತು. ಮುಂಬದಿಯಲ್ಲಿ ವ್ಯಕ್ತಿಯ ಮುಖ. ಹಿಂಬದಿಯಲ್ಲಿ, ಲೋಕವು ಅವನನ್ನು ಹೇಗೆ ನೆನೆಯಬೇಕೋ ಆ ಚಿತ್ರ.

ಇಂತಹ ಪದಕವೊಂದಕ್ಕೂ ಚಿಕ್ಕಬಳ್ಳಾಪುರದ ಸಮೀಪದ ನಂದಿಬೆಟ್ಟಕ್ಕೂ ನಂಟಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಆ ವರ್ಷವೇ ಶ್ರೀರಂಗಪಟ್ಟಣವನ್ನು ಗೆಲ್ಲಲಾರದೆ ಹಿಂತಿರುಗಿದನು. ದಂಡಿಗೆ ಆಹಾರ ಸಾಗಿಬರುವ ದಾರಿ ಭದ್ರವಾಗಬೇಕಾದರೆ ಸುತ್ತಣ ಬೆಟ್ಟದ ಕೋಟೆಗಳು ಕೈವಶವಾಗಬೇಕಾಗಿದ್ದಿತು. ಅವುಗಳಲ್ಲಿ ದುರ್ಗಮವಾದುದು ನಂದಿದುರ್ಗ. ಸುಮಾರು ೪,೮೫೦ ಅಡಿ ಎತ್ತರದ ಬೆಟ್ಟ. ಬಹುಭಾಗ ಕಡಿದಾದ ಬಂಡೆ. ಆ ಇಳಿಜಾರಿನ ಮೇಲೆ ಫಿರಂಗಿಗಳನ್ನು ಎಳೆದೇರಿಸಿ, ಮೂರು ವಾರಗಳ ಕಾಲ ಗುಂಡು ಹಾರಿಸಿ ಗೋಡೆಯನ್ನು ಒಡೆದರು. ಅಕ್ಟೋಬರ್ ೧೮ರ ಬೆಳುದಿಂಗಳ ರಾತ್ರಿ ಜನರಲ್ ಮೆಡೋಸನ ಪಡೆ ಏರಿಹೋಯಿತು. ೧೯ರಂದು ಕೋಟೆ ಬಿದ್ದಿತು.

೧೭೯೨ರಲ್ಲಿ ಟಿಪ್ಪು ಸುಲ್ತಾನನು ಸಂಧಿಗೆ ಒಪ್ಪಬೇಕಾಯಿತು. ರಾಜ್ಯದ ಅರ್ಧಭಾಗ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದರ ಮೇಲೆ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳು!

ಈ ಗೆಲುವಿನ ನೆನಪಿಗಾಗಿಯೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಕ್ಯೂಖ್ಲರ್ ಎಂಬ ಶಿಲ್ಪಿಯು ಪದಕವೊಂದನ್ನು ರೂಪಿಸಿದನು. ಒಂದು ಕಡೆ ಕಾರ್ನ್‌ವಾಲಿಸನ ಮುಖ. ಇನ್ನೊಂದು ಕಡೆ ಅವನು ಟಿಪ್ಪುವಿನ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯ. ಸುತ್ತಲೂ ಲ್ಯಾಟಿನ್ ಭಾಷೆಯ ಬರಹ. ವೈರಿಯನ್ನು ಉಳಿಸುವುದು ಧರ್ಮವಾಗಲಿ ಎಂಬುದು ಅದರ ಭಾವ. ಒಡೆದ ಗೋಡೆಯಿಲ್ಲ, ರಕ್ತವಿಲ್ಲ, ನಂದಿಯ ಸುಳಿವೂ ಇಲ್ಲ. ತಂದೆಯಿಂದ ಮಕ್ಕಳನ್ನು ಅಗಲಿಸಿದ ಗಳಿಗೆಯೇ ಇಲ್ಲಿ ಕರುಣೆಯ ಗಳಿಗೆಯಾಗಿದೆ.

ಅದೇ ಯುದ್ಧಕ್ಕಾಗಿ ಕಂಪೆನಿಯು ತನ್ನ ಭಾರತೀಯ ಸೈನಿಕರಿಗೆ ಚಿನ್ನ ಬೆಳ್ಳಿಗಳಲ್ಲಿ ಬೇರೊಂದು ಪದಕವನ್ನು ಕೊಟ್ಟಿತು. ಅದರ ಮೇಲೆ ಸಿಪಾಯಿಯೊಬ್ಬನು ಕೆಡೆದ ಫಿರಂಗಿಯ ಮೇಲೆ ಕಾಲಿಟ್ಟು ನಿಂತಿದ್ದಾನೆ; ಒಂದು ಕೈಯಲ್ಲಿ ಗೆದ್ದವರ ಧ್ವಜ, ಇನ್ನೊಂದರಲ್ಲಿ ತಲೆಕೆಳಗಾದ ಮೈಸೂರಿನ ಧ್ವಜ. ಸೇನಾಪತಿಯ ಪದಕದಲ್ಲಿರುವುದು ಗುರುತು ಹಿಡಿಯಬಹುದಾದ ಮುಖ. ಸಿಪಾಯಿಯದರಲ್ಲಿ ಸಮವಸ್ತ್ರ ಮಾತ್ರ. ಬೆಟ್ಟ ಹತ್ತಿದವರೂ ಬೆಟ್ಟ ಕಾಯ್ದವರೂ ಅಲ್ಲಿ ಹೆಸರಿಲ್ಲದವರೇ.

ಕರುಣೆಯ ಮಾತು ಬಹುಕಾಲ ಬಾಳಲಿಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಅದೇ ಕ್ಯೂಖ್ಲರನೇ ಮತ್ತೊಂದು ಪದಕವನ್ನು ಕೆತ್ತಿದನು. ಅದರಲ್ಲಿರುವುದು ಹುಲಿಯನ್ನು ಕೆಡಹಿದ ಸಿಂಹ. ಏಳು ವರ್ಷಗಳ ಹಿಂದೆ ವೈರಿಯನ್ನು ಉಳಿಸುವುದೇ ಹಿರಿಮೆಯೆಂದು ಕೊರೆದ ಉಳಿಯು, ಈಗ ಅವನನ್ನು ಅಳಿಸಿದುದೇ ಹಿರಿಮೆಯೆಂದಿತು.

ಹಾಗೆಂದು ಈ ಪದಕಗಳನ್ನು ಸುಳ್ಳೆಂದು ತಳ್ಳುವಂತಿಲ್ಲ. ಮಕ್ಕಳನ್ನು ಒಪ್ಪಿಸಿದುದೂ ನಿಜ, ಕೋಟೆ ಬಿದ್ದುದೂ ನಿಜ. ಆದರೆ ಅಂಗೈಯಗಲದ ಲೋಹದಲ್ಲಿ ಯಾವುದಕ್ಕೆ ಎಡೆ ಕೊಡಬೇಕೆಂಬುದನ್ನು ತೀರ್ಮಾನಿಸಿದವರು ಗೆದ್ದವರು. ಉಳಿದ ಕಥೆಯನ್ನು ತಿಳಿಯಬೇಕಾದರೆ, ತಂಪುಗಾಳಿಗೆಂದು ನಂದಿಗೆ ಹೋದವರು ಅಲ್ಲಿನ ಹಳೆಯ ಗೋಡೆಗಳ ಮುಂದೆಯೂ ಒಂದು ಕ್ಷಣ ನಿಲ್ಲಬೇಕು.